ಗೊಬ್ಬರಕ್ಕೆ ಗನ್ ಟೆಸ್ಟ್: ಕೋಲಾರದಲ್ಲಿ ಮಾಡಿಸಿ ನೋಡಿದ್ದು, ಯಾವ ಮೆಟಲ್‌ಗೆ ನಂಬಬಹುದು ಯಾವುದಕ್ಕೆ ಆಗಲ್ಲ

ಮೊದ್ಲೇ ಹೇಳ್ಬಿಡ್ತೀನಿ, ಕಾಂಪೋಸ್ಟು, ಎರೆಗೊಬ್ಬರ, ಕೋಳಿಗೊಬ್ಬರ ಲೋಡುಗಟ್ಲೆ ತರಿಸೋರಿಗೆ ಎಕ್ಸ್‌ರೇ ಗನ್ ಇಟ್ಟು ಗೊಬ್ಬರದಲ್ಲಿರೋ ಭಾರ ಲೋಹ ನೋಡಿ ಹೇಳೋ ಈ ಸರ್ವಿಸ್ ಖಂಡಿತ ಉಪಯೋಗಕ್ಕೆ ಬರುತ್ತೆ, ಆದ್ರೆ ರಿಪೋರ್ಟಲ್ಲಿ ಬರೋ ಎಲ್ಲಾ ನಂಬರನ್ನೂ ಒಂದೇ ಸಮ ನಂಬ್ಬೇಡಿ. ಸತು, ತಾಮ್ರ, ಸೀಸ ಈ ಮೂರಕ್ಕೆ ನಾನು ಧೈರ್ಯವಾಗಿ ನಂಬ್ತೀನಿ. ಕ್ರೋಮಿಯಂ, ನಿಕ್ಕಲ್ ಸ್ವಲ್ಪ ಯೋಚ್ನೆ ಮಾಡಿ ಓದ್ಬೇಕು. ಕ್ಯಾಡ್ಮಿಯಂ ಅರ್ಧಂಬರ್ಧ. ಪಾದರಸಕ್ಕಂತೂ ಇದನ್ನ ನಂಬೋದೇ ಬೇಡ. ಯಾಕೆ ಅಂತ ಕೆಳಗೆ ಬರೆದಿದೀನಿ, ಉದ್ದ ಆಗುತ್ತೆ, ಆದ್ರೂ ಈ ಸಲ ಗೊಬ್ಬರ ಹೊಡೆಸೋ ಮುಂಚೆ ಒಂದ್ಸಲ ಓದಿ.

ನಮ್ಮದು ಕೋಲಾರ ತಾಲ್ಲೂಕು, ಟೊಮೆಟೊ, ಬೀನ್ಸು, ಮಧ್ಯೆ ಮಧ್ಯೆ ಸೊಪ್ಪು. ಊರಲ್ಲಿ ಒಂದಷ್ಟು ಜನ ಸೇರ್ಕೊಂಡು ಗೊಬ್ಬರ ಒಟ್ಟಿಗೆ ತರಿಸ್ತೀವಿ, ಬೆಂಗ್ಳೂರ್ ಕಡೆಯಿಂದ ಸಿಟಿ ಕಾಂಪೋಸ್ಟು, ಫಾರಂಗಳಿಂದ ಕೋಳಿಗೊಬ್ಬರ, ಉಳಿದಿದ್ದು ನಮ್ಮ ತಿಪ್ಪೇದು. ಹಸು ಕಮ್ಮಿ ಆಗಿರೋದ್ರಿಂದ ಕೊಟ್ಟಿಗೆ ಗೊಬ್ಬರ ಸಾಲ್ತಿಲ್ಲ, ಹಾಗಾಗಿ ಎಲ್ಲಿಂದ್ಲೋ ಬರೋ ಗೊಬ್ಬರಾನೇ ನಮ್ಮ ಹೊಲದ ಅನ್ನ ಆಗಿದೆ. ಅದರಲ್ಲಿ ಏನಿದೆ ಅಂತ ಗೊತ್ತಿಲ್ದೆ ಮಕ್ಕಳು ತಿನ್ನೋ ಸೊಪ್ಪಿಗೆ ಹಾಕೋದು ನನಗೆ ಸರಿ ಕಾಣ್ಲಿಲ್ಲ, ಅದಕ್ಕೇ ಟೆಸ್ಟ್ ಮಾಡ್ಸೋಣ ಅಂತ ಹೊರಟಿದ್ದು. ಸರ್ವಿಸ್ ಹೆಸರು ಹಾಕ್ತಿಲ್ಲ, ಯಾಕಂದ್ರೆ ಗನ್ ಹಿಡ್ಕೊಂಡು ಯಾರು ಬಂದ್ರೂ ನೀವು ನೋಡ್ಬೇಕಾಗಿರೋ ವಿಷಯ ಇದೇನೇ, ಅದು ನಿಮಗೆ ಗೊತ್ತಿದ್ರೆ ಯಾರ ಹತ್ರ ಹೋದ್ರೂ ಮೋಸ ಹೋಗಲ್ಲ.

ಗನ್ ಅಂದ್ರೆ ಎಕ್ಸ್‌ಆರ್‌ಎಫ್ ಯಂತ್ರ. ನೋಡೋಕೆ ದೊಡ್ಡ ಡ್ರಿಲ್ಲಿಂಗ್ ಮಿಷನ್ ಥರ ಇರುತ್ತೆ. ಒಡವೆ ಅಂಗಡೀಲಿ ಚಿನ್ನದ ಕ್ಯಾರೆಟ್ ನೋಡೋಕೆ ಒಂದು ಡಬ್ಬಿ ಒಳಗೆ ಉಂಗುರ ಇಟ್ಟು ಕಂಪ್ಯೂಟರಲ್ಲಿ ಪರ್ಸೆಂಟ್ ತೋರಿಸ್ತಾರಲ್ಲ, ಅದೇ ತತ್ವ, ಇದು ಕೈಯಲ್ಲಿ ಹಿಡ್ಕೊಳ್ಳೋದು ಅಷ್ಟೇ ವ್ಯತ್ಯಾಸ. ಒಳಗಡೆ ಸಣ್ಣ ಎಕ್ಸ್‌ರೇ ಟ್ಯೂಬ್ ಇರುತ್ತೆ, ಅದರಿಂದ ಬಂದ ಕಿರಣ ಗೊಬ್ಬರದಲ್ಲಿರೋ ಪರಮಾಣುವಿನ ಒಳಗಿನ ಸುತ್ತಿನ ಎಲೆಕ್ಟ್ರಾನನ್ನ ಹೊರಗೆ ತಳ್ಳುತ್ತೆ, ಆ ಜಾಗಕ್ಕೆ ಹೊರಗಿನ ಸುತ್ತಿಂದ ಇನ್ನೊಂದು ಬಂದು ಕೂರುತ್ತೆ, ಕೂರುವಾಗ ಆಯಾ ಲೋಹಕ್ಕೆ ಅಂತಾನೇ ಇರೋ ಒಂದು ಶಕ್ತಿಯ ಎಕ್ಸ್‌ರೇ ಹೊರಗೆ ಬರುತ್ತೆ. ಸತುವಿಗೆ ಒಂದು, ತಾಮ್ರಕ್ಕೆ ಒಂದು, ಸೀಸಕ್ಕೆ ಒಂದು. ಡಿಟೆಕ್ಟರ್ ಅದನ್ನ ಎಣಿಸಿ ಕೆಜಿಗೆ ಎಷ್ಟು ಮಿಲಿಗ್ರಾಂ ಅಂತ ಹೇಳುತ್ತೆ, ಪಿಪಿಎಂ ಅಂದ್ರೂ ಅದೇ. ಆಸಿಡ್ ಬೇಡ, ಕಾಯ್ಸೋದು ಬೇಡ, ಒಂದೆರಡು ನಿಮಿಷದಲ್ಲಿ ನಂಬರ್ ಬರುತ್ತೆ. ಲ್ಯಾಬಲ್ಲಿ ಆದ್ರೆ ಗೊಬ್ಬರವನ್ನ ಆಸಿಡ್ಡಲ್ಲಿ ಕರಗಿಸಿ ಐಸಿಪಿ ಯಂತ್ರದಲ್ಲೋ ಎಎಎಸ್ ಯಂತ್ರದಲ್ಲೋ ನೋಡ್ತಾರೆ, ನಿಖರ ಜಾಸ್ತಿ, ಆದ್ರೆ ದುಡ್ಡೂ ಜಾಸ್ತಿ, ರಿಪೋರ್ಟ್ ಬರೋಷ್ಟ್ರಲ್ಲಿ ಗೊಬ್ಬರ ಹೊಲ ಸೇರಿರುತ್ತೆ.

ಸರ್ವಿಸ್‌ನ ಹುಡುಗರು ಸ್ಯಾಂಪಲ್‌ಗೆ 600 ರೂಪಾಯಿ ತಗೊಂಡ್ರು, ಒಟ್ಟಿಗೆ ಜಾಸ್ತಿ ಕೊಟ್ರೆ ಇನ್ನೂ ಕಮ್ಮಿ ಮಾಡ್ತಾರೆ. ಯಂತ್ರದ ಬೆಲೆ ಹತ್ತಾರು ಲಕ್ಷ, ಆ ಲೆಕ್ಕದಲ್ಲಿ ಇದು ಜಾಸ್ತಿ ಅಂತ ನನಗನ್ನಿಸ್ಲಿಲ್ಲ.

ಇವರಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಅಂದ್ರೆ ರಾಶಿ ಮೇಲೆ ಗನ್ ಇಟ್ಟು ಟ್ರಿಗರ್ ಒತ್ತಿ ರಿಪೋರ್ಟ್ ಕೊಟ್ಟು ಹೋಗೋ ಜನ ಅಲ್ಲ. ಮೊದಲನೇ ಸಲ ನಾವೇ ಕೇಳಿದ್ವಿ, ಇಲ್ಲೇ ನೋಡಿ ಹೇಳ್ಬಿಡಪ್ಪ, ಲಾರಿ ಕಾಯ್ತಾ ಇದೆ ಅಂತ. ಆ ಹುಡುಗ ರಾಶಿ ಮೇಲೇ ಒಂದು ರೀಡಿಂಗ್ ತೆಗೆದು ತೋರಿಸಿ, "ಅಣ್ಣಾ ಇದು ಲೆಕ್ಕಕ್ಕಿಲ್ಲ, ಗೊಬ್ಬರ ಹಸಿ ಇದೆ, ಒಣಗಿಸಿ ನೋಡಿದ್ರೆ ಬೇರೆ ಬರುತ್ತೆ" ಅಂದ. ಸರಿಯಾಗಿ ಹಾಗೇ ಆಯ್ತು. ರಾಶಿ ಮೇಲೆ ಸೀಸ 58 ತೋರಿಸಿದ್ದು, ಒಣಗಿಸಿ ಅರೆದು ಜರಡಿ ಹಿಡಿದ ಮೇಲೆ 86 ಬಂತು. ಗೊಬ್ಬರ ಅದೇ, ಯಂತ್ರ ಅದೇ. ನೀರು ತೂಕದಲ್ಲಿ ಸೇರ್ಕೊಂಡು ಲೋಹವನ್ನ ತೆಳ್ಳಗೆ ತೋರಿಸುತ್ತೆ, ಮೇಲಿಂದ ಎಕ್ಸ್‌ರೇ ಚದುರಿಸಿ ಸ್ವಲ್ಪ ನುಂಗುತ್ತೆ ಕೂಡ. ಲಿಮಿಟ್ ಇರೋದು ಒಣ ತೂಕಕ್ಕೆ, ಹಾಗಾಗಿ ಹಸಿ ರೀಡಿಂಗ್ ತಗೊಂಡು ಪಾಸ್ ಅಂತ ಯಾರಾದ್ರೂ ಹೇಳಿದ್ರೆ ಅವರನ್ನ ಅಲ್ಲಿಂದ್ಲೇ ಕಳಿಸ್ಬಿಡಿ. ಗೊಬ್ಬರ ಮಾರೋರು ಕೆಲವ್ರು ಲಾರಿ ಹತ್ರಾನೇ ಗನ್ ಇಟ್ಟು ಫೋಟೋ ತೆಗೆದು ವಾಟ್ಸಾಪಲ್ಲಿ ಕಳಿಸ್ತಾರೆ, ಆ ಫೋಟೋಗೆ ಏನೂ ಅರ್ಥ ಇಲ್ಲ.

ಸ್ಯಾಂಪಲ್ ತೆಗೆಯೋದೂ ಅವರು ನೀಟಾಗಿ ಮಾಡಿದ್ರು. ರಾಶಿ ಮೇಲಿಂದ ಒಂದು ಹಿಡಿ ಅಲ್ಲ, ಬೇರೆ ಬೇರೆ ಕಡೆ ಗುದ್ದಲೀಲಿ ಒಳಗೆ ತೆಗೆದು ಮಂಕರಿಗೆ ಹಾಕಿ, ಟಾರ್ಪಾಲ್ ಮೇಲೆ ಸುರಿದು ಚೆನ್ನಾಗಿ ಕಲಸಿ, ನಾಲ್ಕು ಭಾಗ ಮಾಡಿ ಎದುರು ಬದುರು ಎರಡು ಭಾಗ ತೆಗೆದು ಉಳಿದಿದ್ದನ್ನ ಮತ್ತೆ ಕಲಸಿ, ಹೀಗೆ ಕಮ್ಮಿ ಮಾಡ್ತಾ ಕೊನೆಗೆ ಒಂದು ಕೆಜಿ. ಇದು ಯಾಕೆ ಮುಖ್ಯ ಅಂದ್ರೆ ಗನ್ನಿನ ಕಿಟಕಿ ಒಂದು ಸೆಂಟಿಮೀಟರ್ ಅಷ್ಟೇ ಅಗಲ, ಅದು ನೋಡೋ ಆಳ ಇನ್ನೂ ಕಮ್ಮಿ, ಕೆಲವು ಮಿಲಿಮೀಟರ್. ಸಿಟಿ ಕಾಂಪೋಸ್ಟಲ್ಲಿ ಗೋಡೆಯಿಂದ ಉದುರಿದ ಹಳೇ ಬಣ್ಣದ ಒಂದು ಚಕ್ಕೆ ಆ ಕಿಟಕಿ ಮುಂದೆ ಬಂದ್ರೆ ಸೀಸ ಆಕಾಶಕ್ಕೆ ಹೋಗುತ್ತೆ, ಪಕ್ಕದಲ್ಲಿ ಇಟ್ರೆ ಏನೂ ಇಲ್ಲ ಅನ್ನುತ್ತೆ. ಅರೆದು ಸಣ್ಣ ಜರಡಿ ಹಿಡಿದು, ತೆಳು ಫಿಲಂ ಹಾಕಿರೋ ಪ್ಲಾಸ್ಟಿಕ್ ಕಪ್ಪಲ್ಲಿ ಒತ್ತಿ ತುಂಬಿ, ಕಪ್ ತಿರುಗಿಸಿ ತಿರುಗಿಸಿ ಮೂರು ಸಲ ನೋಡಿ ಸರಾಸರಿ ಕೊಟ್ರು. ಪ್ರತಿ ನಂಬರ್ ಮುಂದೆ ಪ್ಲಸ್ ಆರ್ ಮೈನಸ್ ಇಷ್ಟು ಅಂತ ಕೂಡ ಹಾಕಿದ್ರು, ಅದಿಲ್ಲದ ರಿಪೋರ್ಟ್ ತಗೊಳ್ಳಬೇಡಿ. ಇನ್ನೊಂದು, ಎಷ್ಟು ಸೆಕೆಂಡ್ ನೋಡಿದ್ರು ಅಂತ ಕೇಳಿ. 30 ಸೆಕೆಂಡ್ ಬದಲು 120 ಸೆಕೆಂಡ್ ನೋಡಿದ್ರೆ ತಪ್ಪಿನ ಅಳತೆ ಸುಮಾರು ಅರ್ಧಕ್ಕೆ ಇಳಿಯುತ್ತೆ. ಸೀಸನ್ ಟೈಮಲ್ಲಿ ರಶ್ ಇದ್ದಾಗ ಇವರೂ ಟೈಮ್ ಕಮ್ಮಿ ಮಾಡ್ತಾರೆ, ನಾನು ನಿಂತು ಹೇಳಿ ಪೂರ್ತಿ ನೋಡಿಸಿದೆ.

ಎಕ್ಸ್‌ರೇ ಅಲ್ವಾ, ಭಯ ಇಲ್ವಾ ಅಂತ ನಮ್ಮೂರಲ್ಲಿ ಕೇಳಿದ್ರು. ಗನ್ನನ್ನ ಸ್ಟ್ಯಾಂಡಿಗೆ ಹಾಕಿ, ಸ್ಯಾಂಪಲ್ ಕಪ್ ಮೇಲೆ ಮುಚ್ಚಳ ಮುಚ್ಚಿ ಮಾಡಿದ್ರೆ ತೊಂದ್ರೆ ಇಲ್ಲ. ಒಂದು ಕೈಯಲ್ಲಿ ಗೊಬ್ಬರದ ಕವರ್ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಗನ್ ಒತ್ತೋರು ಇದ್ರೆ ಅದು ತಪ್ಪು, ಕಿಟಕಿ ಮುಂದೆ ಬೆರಳು ಯಾವತ್ತೂ ಬರಬಾರದು. ಈ ಯಂತ್ರ ಇಟ್ಕೊಳ್ಳೋಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮ ಇದೆ, ಕಾಗದ ತೋರಿಸಿ ಅಂತ ಕೇಳೋದ್ರಲ್ಲಿ ಸಂಕೋಚ ಬೇಡ.

ಈಗ ಲಿಮಿಟ್ ವಿಷಯ, ಇದು ಗೊತ್ತಿಲ್ದೆ ರಿಪೋರ್ಟ್ ಓದೋಕಾಗಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಸಾವಯವ ಗೊಬ್ಬರಕ್ಕೂ ಅಳತೆ ಹಾಕಿದಾರೆ. ಸಿಟಿ ಕಾಂಪೋಸ್ಟಿಗೆ ಕೆಜಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಸತು 1000, ತಾಮ್ರ 300, ಸೀಸ 100, ಕ್ರೋಮಿಯಂ 50, ನಿಕ್ಕಲ್ 50, ಆರ್ಸೆನಿಕ್ 10, ಕ್ಯಾಡ್ಮಿಯಂ 5, ಪಾದರಸ 0.15, ಇದಕ್ಕಿಂತ ಮೇಲೆ ಇರಬಾರದು. ಎರೆಗೊಬ್ಬರಕ್ಕೆ ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್, ಸೀಸ ಈ ನಾಲ್ಕಕ್ಕೆ ಇದೇ ನಂಬರು. 2016ರ ಘನತ್ಯಾಜ್ಯ ನಿಯಮದಲ್ಲಿ ಒಂದು ಮಾತಿತ್ತು, ಈ ಲಿಮಿಟ್ ದಾಟಿದ ಕಾಂಪೋಸ್ಟನ್ನ ತಿನ್ನೋ ಬೆಳೆಗೆ ಹಾಕಬಾರದು, ಬೇರೆ ಕೆಲಸಕ್ಕೆ ಬಳಸಬಹುದು ಅಂತ. ಅಂದ್ರೆ ಲಿಮಿಟ್ ದಾಟಿದ ಗೊಬ್ಬರ ಎಲ್ಲೋ ಪಾರ್ಕಿಗೋ ರಸ್ತೆ ಪಕ್ಕದ ಗಿಡಕ್ಕೋ ಹೋಗ್ಬೇಕು, ನಮ್ಮ ಪಾಲಕ್ ಮಡಿಗೆ ಬರಬಾರದು.

ಒಂದೊಂದೇ ಲೋಹಕ್ಕೆ ಬರ್ತೀನಿ. ಸತು ಮತ್ತೆ ತಾಮ್ರದಲ್ಲಿ ಗನ್ ಬಹಳ ಚೆನ್ನಾಗಿದೆ, ಲಿಮಿಟ್ಟೇ ನೂರುಗಳಲ್ಲಿದೆ, ಗನ್ ಹತ್ತಿಪ್ಪತ್ತರ ಮಟ್ಟದಲ್ಲೂ ಕಾಣುತ್ತೆ. ಕೋಳಿಗೊಬ್ಬರದಲ್ಲಿ ಇವೆರಡೂ ಜಾಸ್ತಿ ಬರುತ್ತೆ, ಯಾಕಂದ್ರೆ ಫೀಡಲ್ಲಿ ಸತು ತಾಮ್ರ ಸೇರಿಸಿರ್ತಾರೆ, ಕೋಳಿ ಮೈಗೆ ಹತ್ತೋದು ಸ್ವಲ್ಪ, ಉಳಿದಿದ್ದು ಹಿಕ್ಕೆಯಲ್ಲಿ ಹೊರಗೆ. ನಮ್ಮ ಭಾಗದಲ್ಲಿ ಸತು ಕೊರತೆ ಅಂತ ಜಿಂಕ್ ಸಲ್ಫೇಟ್ ಹಾಕೋರು ತುಂಬಾ ಜನ, ಕೋಳಿಗೊಬ್ಬರ ವರ್ಷವರ್ಷ ಹಾಕೋರು ಒಂದ್ಸಲ ಇದನ್ನ ನೋಡಿದ್ರೆ ಆ ದುಡ್ಡು ಉಳಿಬಹುದು.

ಸೀಸಕ್ಕೂ ಗನ್ ಸಾಕು. ನಮ್ಮ ಸಿಟಿ ಕಾಂಪೋಸ್ಟು 86 ಬಂದಿದ್ದು ಲಿಮಿಟ್ ಒಳಗೇ ಇದೆ, ಆದ್ರೆ ತೀರಾ ಹತ್ರ, ಹಾಗಾಗಿ ಅದೇ ಪುಡೀನ ಬೆಂಗ್ಳೂರಿನ ಎನ್‌ಎಬಿಎಲ್ (ಲ್ಯಾಬ್‌ಗಳನ್ನ ಪರೀಕ್ಷಿಸಿ ಒಪ್ಪಿಗೆ ಕೊಡೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರೋ ಲ್ಯಾಬಿಗೂ ಕಳಿಸಿದ್ವಿ, ಅಲ್ಲಿ 81 ಬಂತು. ಇಷ್ಟು ಹತ್ರ ಬಂದಿದ್ದು ನೋಡಿ ನನಗೆ ಗನ್ ಮೇಲೆ ನಂಬಿಕೆ ಬಂತು. ಆದ್ರೆ 86 ಅನ್ನೋ ನಂಬರನ್ನ ಪಾಸ್ ಅಂತ ಓದಿ ಸುಮ್ಮನಾಗೋಕೆ ನನಗೆ ಮನಸ್ಸಿಲ್ಲ. ಲೆಕ್ಕ ಹಾಕಿ ನೋಡಿ. 100 ಮಿಲಿಗ್ರಾಂ ಸೀಸ ಇರೋ ಗೊಬ್ಬರ ಎಕರೆಗೆ ಒಣ ಲೆಕ್ಕದಲ್ಲಿ 10 ಟನ್ ಹಾಕಿದ್ರೆ ಹೊಲಕ್ಕೆ ಪೂರ್ತಿ ಒಂದು ಕೆಜಿ ಸೀಸ ಹೋಗುತ್ತೆ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು ಎಂಟು ಎಂಟೂವರೆ ಲಕ್ಷ ಕೆಜಿ, ಅಂದ್ರೆ ಪ್ರತಿ ಸಲ ಮಣ್ಣಲ್ಲಿ ಕೆಜಿಗೆ ಒಂದು ಮಿಲಿಗ್ರಾಂಗಿಂತ ಸ್ವಲ್ಪ ಮೇಲೆ ಏರುತ್ತೆ. ಒಂದು ಸಲಕ್ಕೆ ಏನೂ ಅಲ್ಲ. ಆದ್ರೆ ಸೀಸ ಕೊಳೆಯಲ್ಲ, ಆವಿ ಆಗಲ್ಲ, ಔಷಧಿ ಥರ ದಿನ ಕಳೆದಂಗೆ ಒಡೆದು ಹೋಗಲ್ಲ, ಬೆಳೆ ತಗೊಂಡು ಹೋಗೋದೂ ತೀರಾ ಕಮ್ಮಿ. ಅಪ್ಪ ಹಾಕಿದ್ದು ಮಗನ ಕಾಲಕ್ಕೂ ಅಲ್ಲೇ ಇರುತ್ತೆ. ನಾವು ವರ್ಷಕ್ಕೆ ಎರಡು ಬೆಳೆ ಟೊಮೆಟೊ ತೆಗೆದು ಎರಡು ಸಲ ಲೋಡ್ ಹೊಡೆಸೋರು ಈ ಲೆಕ್ಕ ಮನಸ್ಸಲ್ಲಿ ಇಟ್ಕೋಬೇಕು.

ಇದರ ಜೊತೆಗೇ ಹೇಳ್ಬೇಕಾದ ಮಾತು, ಗೊಬ್ಬರ ಪೂರ್ತಿ ಕಳಿಯೋ ಮುಂಚೆ ಟೆಸ್ಟ್ ಮಾಡಿಸಿದ್ರೆ ಲೋಹ ಕಮ್ಮಿ ಕಾಣುತ್ತೆ. ಕಳಿತಾ ಕಳಿತಾ ಕಸದ ಭಾಗ ಗಾಳಿಗೆ ಹೋಗಿ ರಾಶಿ ಅರ್ಧ ಆಗುತ್ತೆ, ಲೋಹ ಅಷ್ಟೂ ಉಳಿಯುತ್ತೆ, ಅಂದ್ರೆ ಕೆಜಿ ಲೆಕ್ಕದಲ್ಲಿ ಹತ್ರ ಹತ್ರ ಎರಡರಷ್ಟು. ಅರ್ಧಂಬರ್ಧ ಕಳಿತ ಗೊಬ್ಬರದ ರಿಪೋರ್ಟ್ ತೋರಿಸಿ ಮಾರೋರ ಹತ್ರ ಇದನ್ನ ಕೇಳಿ.

ಆರ್ಸೆನಿಕ್ ಸ್ವಲ್ಪ ತಲೆನೋವಿನ ವಿಷಯ. ಮೇಲೆ ಹೇಳಿದ್ನಲ್ಲ, ಆಯಾ ಲೋಹದ ಎಕ್ಸ್‌ರೇ ಶಕ್ತಿ, ಅದನ್ನೇ ಗೆರೆ ಅಂತಾರೆ, ಕೆಇವಿ ಲೆಕ್ಕದಲ್ಲಿ ಅಳೀತಾರೆ. ಆರ್ಸೆನಿಕ್‌ನ ಮುಖ್ಯ ಗೆರೆ, ಸೀಸದ ಮುಖ್ಯ ಗೆರೆ ಎರಡೂ 10.5 ಕೆಇವಿ ಹತ್ರ ಒಂದರ ಮೇಲೊಂದು ಕೂತಿವೆ. ಯಂತ್ರ ಸೀಸವನ್ನ ಅದರ ಇನ್ನೊಂದು ಗೆರೆಯಿಂದ ಲೆಕ್ಕ ಹಾಕಿ ಕಳೆದು ಆರ್ಸೆನಿಕ್ ಎಷ್ಟು ಅಂತ ಹೇಳುತ್ತೆ. ಸೀಸ ಆರ್ಸೆನಿಕ್‌ಗಿಂತ ಹತ್ತು ಪಟ್ಟು ಇದ್ರೆ ಈ ಕಳೆಯೋ ಲೆಕ್ಕ ನಿಲ್ಲಲ್ಲ ಅಂತ ಅಮೆರಿಕದ ಪರಿಸರ ಸಂಸ್ಥೆಯ 6200 ವಿಧಾನದಲ್ಲೇ ಹೇಳಿದಾರೆ. ನಮ್ಮ ಲಿಮಿಟ್ ನೋಡಿ, ಸೀಸ 100, ಆರ್ಸೆನಿಕ್ 10, ಸರಿಯಾಗಿ ಹತ್ತು ಪಟ್ಟು. ಹಾಗಾಗಿ ಸೀಸ ಜಾಸ್ತಿ ಇರೋ ಗೊಬ್ಬರದಲ್ಲಿ ಗನ್ ಕೊಡೋ ಆರ್ಸೆನಿಕ್ ನಂಬರಿನ ಮೇಲೆ ಏನೂ ತೀರ್ಮಾನ ಮಾಡ್ಬೇಡಿ.

ಕ್ರೋಮಿಯಂ ವಿಷಯ ನಮ್ಮ ಕೋಲಾರದವ್ರು ಮುಖ್ಯವಾಗಿ ತಿಳ್ಕೋಬೇಕು. ಕೆಜಿಎಫ್ ಕಡೆ ಇರೋ ನಮ್ಮ ಪರಿಚಯದವರೊಬ್ರು ಸ್ವಂತ ತಿಪ್ಪೆ ಗೊಬ್ಬರ ತಂದಿದ್ರು, ಹಸು ಸಗಣಿ, ರಾಗಿ ಹುಲ್ಲು, ಕೆರೆ ಮಣ್ಣು ಬಿಟ್ರೆ ಬೇರೇನೂ ಇಲ್ಲ. ಗನ್ನಲ್ಲಿ ಕ್ರೋಮಿಯಂ 96 ಬಂತು, ಲಿಮಿಟ್ಟಿನ ಹತ್ತತ್ರ ಎರಡರಷ್ಟು, ಪಾಪ ಅವರು ಗಾಬರಿ ಆಗೋದ್ರು, ಸಗಣೀಲಿ ಕ್ರೋಮಿಯಂ ಎಲ್ಲಿಂದ ಬಂತು ಅಂತ. ಬಂದಿದ್ದು ಮಣ್ಣಿಂದ. ಭೂಮಿಯ ಕಲ್ಲಿನಲ್ಲೇ ಕ್ರೋಮಿಯಂ ಸರಾಸರಿ ಕೆಜಿಗೆ 100 ಮಿಲಿಗ್ರಾಂ ಆಸುಪಾಸು ಇದೆ, ಅದರಲ್ಲೂ ಚಿನ್ನದ ಗಣಿ ಇರೋ ಕೋಲಾರದ ಶಿಲಾ ಪಟ್ಟಿಯಲ್ಲಿ ಕಬ್ಬಿಣ ಮೆಗ್ನೀಸಿಯಂ ಜಾಸ್ತಿ ಇರೋ ಕಪ್ಪು ಕಲ್ಲು, ಅಂಥಾ ಕಲ್ಲಿನಲ್ಲಿ ಕ್ರೋಮಿಯಂ ನಿಕ್ಕಲ್ ಸಹಜವಾಗೇ ಜಾಸ್ತಿ. ಗನ್ ಕಲ್ಲಿನ ಕಣದೊಳಗೆ ಬಂಧಿ ಆಗಿರೋ ಕ್ರೋಮಿಯಂನ್ನೂ ಸೇರಿಸಿ ಒಟ್ಟು ಎಣಿಸುತ್ತೆ. ಲ್ಯಾಬಿನ ಆಸಿಡ್ ಆ ಕಣಗಳನ್ನ ಪೂರ್ತಿ ಕರಗಿಸಲ್ಲ, ಹಾಗಾಗಿ ಅಲ್ಲಿ ಕಮ್ಮಿ ಬರುತ್ತೆ, ಇದೇ ಸ್ಯಾಂಪಲ್ ಲ್ಯಾಬಲ್ಲಿ 41 ಬಂತು. ಎರಡೂ ಸುಳ್ಳಲ್ಲ, ಅಳೆಯೋದೇ ಬೇರೆ ಬೇರೆ. ಆಮೇಲೆ ಗನ್‌ಗೆ ಚರ್ಮ ಹದ ಮಾಡೋ ಕಡೆಯಿಂದ ಬರೋ ಕ್ರೋಮಿಯಂ ಯಾವುದು, ಕಲ್ಲಿಂದ ಬಂದಿದ್ದು ಯಾವುದು, ವಿಷ ಜಾಸ್ತಿ ಇರೋ ಆರು ವೇಲೆನ್ಸಿಯದ್ದು ಯಾವುದು ಅಂತ ಬೇರೆ ಮಾಡೋಕೆ ಬರಲ್ಲ. ಗೊಬ್ಬರದಲ್ಲಿ ಮಣ್ಣು ಎಷ್ಟಿದೆ ಅಂತ ನೋಡಿ, ಜೊತೆಗೆ ಅದೇ ಕೆರೆ ಮಣ್ಣನ್ನೂ ಒಂದು ಕಪ್ಪಲ್ಲಿ ಇಟ್ಟು ನೋಡ್ಸಿ, ಎರಡನ್ನೂ ಪಕ್ಕಪಕ್ಕ ಇಟ್ರೆ ಅರ್ಥ ಆಗುತ್ತೆ. 2018ರಿಂದ ಕೆಸಿ ವ್ಯಾಲಿ ನೀರು, ಅಂದ್ರೆ ಬೆಂಗ್ಳೂರಿನ ಸಂಸ್ಕರಿಸಿದ ಕೊಳಚೆ ನೀರು, ಬರ್ತಿರೋ ಕೆರೆಗಳಿಂದ ಹೂಳು ಹೊಡೆಸೋರು ಅಂತೂ ಹೊಲಕ್ಕೆ ಹಾಕೋ ಮುಂಚೆ ಇದನ್ನ ಮಾಡ್ಸಲೇಬೇಕು ಅಂತ ನನ್ನ ಅಭಿಪ್ರಾಯ, ನೀರು ಬರೋ ಮುಂಚಿನ ಆಳದ ಮಣ್ಣು ಒಂದು, ಮೇಲಿನ ಹೊಸ ಪದರ ಒಂದು, ಎರಡು ಸ್ಯಾಂಪಲ್ ಸಾಕು.

ಕ್ಯಾಡ್ಮಿಯಂ ಬಗ್ಗೆ ನನಗೆ ಚಿಂತೆ ಜಾಸ್ತಿ. ಸೀಸ ಬೇರಿನ ಹತ್ರಾನೇ ನಿಂತ್ಬಿಡುತ್ತೆ, ಕ್ಯಾಡ್ಮಿಯಂ ಗಿಡದೊಳಗೆ ಹತ್ತುತ್ತೆ, ಅದರಲ್ಲೂ ಸೊಪ್ಪಿನ ಎಲೆಗೆ, ಮಣ್ಣು ಹುಳಿ ಇದ್ರೆ ಇನ್ನೂ ಜಾಸ್ತಿ. ಲಿಮಿಟ್ 5. ಕೈಗನ್ನು ಕ್ಯಾಡ್ಮಿಯಂ ಕಾಣೋಕೆ ಶುರು ಮಾಡೋದೇ ಅದರ ಆಸುಪಾಸಲ್ಲಿ, ಎಷ್ಟೋ ಯಂತ್ರಕ್ಕೆ ಅದಕ್ಕಿಂತ ಮೇಲೆ. 50 ಕೆವಿ ಟ್ಯೂಬ್ ಇದ್ದು, ಜಾಸ್ತಿ ಹೊತ್ತು ನೋಡಿದ್ರೆ ಸ್ವಲ್ಪ ಉತ್ತಮ. ಹಾಗಾಗಿ ಗನ್ 20 ತೋರಿಸಿದ್ರೆ ಖಂಡಿತ ಫೇಲು, ಗೊಬ್ಬರ ವಾಪಸ್ ಕಳಿಸಿ. ಎನ್‌ಡಿ ಅಂತ ಬಂದ್ರೆ ಇಲ್ಲ ಅಂತ ಅರ್ಥ ಅಲ್ಲ, ಈ ಯಂತ್ರಕ್ಕೆ ಕಾಣ್ಲಿಲ್ಲ ಅಂತ ಅಷ್ಟೇ. ಎನ್‌ಡಿ ಪಕ್ಕದಲ್ಲಿ ಎಷ್ಟಕ್ಕಿಂತ ಕಮ್ಮಿ ಅಂತ ಬರೆದಿರಬೇಕು, 12ಕ್ಕಿಂತ ಕಮ್ಮಿ ಅಂತ ಇದ್ರೆ ಅದರಿಂದ 5ರ ಬಗ್ಗೆ ಏನೂ ಗೊತ್ತಾಗಲ್ಲ.

ಪಾದರಸದಲ್ಲಿ ನನಗೆ ಈ ಸರ್ವಿಸ್ ಮೇಲೆ ನಿಜವಾದ ತಕರಾರು ಇದೆ. ಲಿಮಿಟ್ 0.15. ಗನ್ ಕಾಣೋದು ಅದರ ಹತ್ತು ಪಟ್ಟಿಗಿಂತ ಮೇಲಿದ್ರೆ ಮಾತ್ರ. ಆದ್ರೂ ಇವರ ರಿಪೋರ್ಟಲ್ಲಿ ಪಾದರಸದ ಸಾಲಲ್ಲಿ ಎನ್‌ಡಿ ಹಾಕಿ ಪಕ್ಕದಲ್ಲಿ ಹಸಿರು ಬಣ್ಣದಲ್ಲಿ ಪಾಸ್ ಅಂತ ಪ್ರಿಂಟ್ ಆಗಿತ್ತು. ಕೇಳಿದ್ರೆ ಸಾಫ್ಟ್‌ವೇರಲ್ಲಿ ಹಾಗೇ ಬರುತ್ತೆ ಅಂದ್ರು. ಬರ್ಲಿ, ಆದ್ರೆ ಆ ಹಸಿರು ಪಾಸ್ ತೋರಿಸ್ಕೊಂಡು ಯಾರೋ ಗೊಬ್ಬರ ಮಾರ್ತಾರೆ, ಓದೋ ರೈತನಿಗೆ ಏನು ಗೊತ್ತಾಗುತ್ತೆ? ಆ ಸಾಲಲ್ಲಿ ಅಳೆಯೋಕಾಗಲ್ಲ ಅಂತ ಬರೆದ್ರೆ ಸಾಕು. ಒಡೆದ ಟ್ಯೂಬ್‌ಲೈಟು, ಹಳೇ ಥರ್ಮಾಮೀಟರು ಕಸದ ಜೊತೆ ಬರೋ ಸಿಟಿ ಕಾಂಪೋಸ್ಟಿಗೆ ಪಾದರಸ ಲ್ಯಾಬಲ್ಲೇ ನೋಡಿಸ್ಬೇಕು. ಲ್ಯಾಬಿಗೆ ಕಳಿಸುವಾಗ ಅವರ ಎನ್‌ಎಬಿಎಲ್ ಪಟ್ಟಿಯಲ್ಲಿ ಗೊಬ್ಬರದಲ್ಲಿ ಭಾರ ಲೋಹ ಅನ್ನೋದು ಸೇರಿದೆಯಾ ಅಂತಾನೂ ಕೇಳಿ, ಬರೀ ನೀರಿನ ಟೆಸ್ಟಿಗೆ ಮಾನ್ಯತೆ ಇರೋ ಲ್ಯಾಬೂ ಇರ್ತವೆ. ಒಣಗಿಸುವಾಗಲೂ ಹುಷಾರು, ಜಾಸ್ತಿ ಕಾಯಿಸಿದ್ರೆ ಪಾದರಸ ಹಾರಿ ಹೋಗುತ್ತೆ, ಅದಕ್ಕೆ ಕಳಿಸೋ ಭಾಗವನ್ನ ಮೊದ್ಲೇ ಬೇರೆ ಎತ್ತಿಡಿ.

ಇನ್ನೊಂದು, ಇವರ ವಾಟ್ಸಾಪ್ ಜಾಹೀರಾತಲ್ಲಿ ಎನ್‌ಪಿಕೆ ಕೂಡ ಹೇಳ್ತೀವಿ ಅಂತಿದೆ. ಪೊಟ್ಯಾಷ್ ಪರವಾಗಿಲ್ಲ, ರಂಜಕ ಕಷ್ಟಪಟ್ಟು ಸಿಗುತ್ತೆ, ಸಾರಜನಕ ಮಾತ್ರ ಈ ಯಂತ್ರಕ್ಕೆ ಕಾಣೋದೇ ಇಲ್ಲ, ಅಷ್ಟು ಹಗುರ ಧಾತುವಿನ ಎಕ್ಸ್‌ರೇ ಡಿಟೆಕ್ಟರ್ ತಲುಪೋ ಮುಂಚೆನೇ ಗಾಳೀಲಿ ನಿಂತ್ಹೋಗುತ್ತೆ. ಸಾರಜನಕಕ್ಕೆ ಕೃಷಿ ವಿಜ್ಞಾನ ಕೇಂದ್ರದಲ್ಲೋ (ಕೆವಿಕೆ) ಮಣ್ಣು ಪರೀಕ್ಷಾ ಕೇಂದ್ರದಲ್ಲೋ ವಿಚಾರಿಸಿ. ಜೀವಾಮೃತ, ಸ್ಲರಿ, ದ್ರವ ಗೊಬ್ಬರಕ್ಕೂ ಗನ್ ಬೇಡ. ಆನ್‌ಲೈನಲ್ಲಿ ಸಿಗೋ ಮಣ್ಣಿಗೆ ಚುಚ್ಚೋ ಮೀಟರ್‌ಗಳ ವಿಷಯ ಕೇಳಿದ್ರು ಕೆಲವ್ರು, ತೇವ ನೋಡೋಕೆ ಸರಿ, ಸೀಸ ಕ್ಯಾಡ್ಮಿಯಂ ಅದರಿಂದ ಗೊತ್ತಾಗಲ್ಲ, ದುಡ್ಡು ಹಾಕ್ಬೇಡಿ.

ಐದಕ್ಕೆ ನಾಲ್ಕು ಕೊಡ್ತೀನಿ. ಕೆಲಸ ಶ್ರದ್ಧೆಯಿಂದ ಮಾಡ್ತಾರೆ, ಕೇಳಿದ್ದಕ್ಕೆ ಬೇಜಾರಿಲ್ದೆ ಹೇಳ್ತಾರೆ, ಲೋಹ ಎಷ್ಟಿದೆ ಅಂತ ಮೊದ್ಲೇ ಗೊತ್ತಿರೋ ಸ್ಟ್ಯಾಂಡರ್ಡ್ ಕಪ್ ಇಟ್ಟು ಯಂತ್ರ ಸರಿ ಇದೆಯಾ ಅಂತ ದಿನಾ ಬೆಳಗ್ಗೆ ನೋಡಿ ಬರೆದಿಟ್ಟಿರೋ ಪುಸ್ತಕ ತೋರಿಸಿದ್ರು. ಒಂದು ಕಳೆದಿದ್ದು ಆ ಪಾದರಸದ ಪಾಸ್‌ಗೆ ಮತ್ತೆ ಎನ್‌ಪಿಕೆ ಜಾಹೀರಾತಿಗೆ.

ನಾವು ಈಗ ಮಾಡ್ತಿರೋದು ಹೀಗೆ. ಲೋಡ್ ಬುಕ್ ಮಾಡೋ ಮುಂಚೆ ಗೊಬ್ಬರ ಇರೋ ಜಾಗಕ್ಕೇ ಒಬ್ರು ಹೋಗಿ ಕಲಸಿ ಒಂದು ಕೆಜಿ ತರ್ತಾರೆ, ಅರ್ಧ ಗನ್ನಿಗೆ, ಅರ್ಧ ಕವರ್‌ಗೆ ಹಾಕಿ ತಾರೀಕು ಬರೆದು ಎತ್ತಿಡ್ತೀವಿ. ಗನ್ನಲ್ಲಿ ಸತು, ತಾಮ್ರ, ಸೀಸ ಲಿಮಿಟ್ಟಿನ ಅರ್ಧಕ್ಕಿಂತ ಕೆಳಗಿದ್ರೆ ಟೊಮೆಟೊ ಬೀನ್ಸಿಗೆ ತಗೋತೀವಿ. ಅರ್ಧಕ್ಕಿಂತ ಮೇಲಿದ್ರೆ ಎತ್ತಿಟ್ಟಿದ್ದು ಲ್ಯಾಬಿಗೆ ಹೋಗುತ್ತೆ, ಖರ್ಚು ಎಲ್ರೂ ಹಂಚ್ಕೋತೀವಿ. ಸೊಪ್ಪಿನ ಮಡಿಗೆ ಸಿಟಿ ಕಾಂಪೋಸ್ಟು ಹಾಕೋದಾದ್ರೆ ಕ್ಯಾಡ್ಮಿಯಂ, ಪಾದರಸ ಎರಡರ ಲ್ಯಾಬ್ ರಿಪೋರ್ಟ್ ಕೈಗೆ ಬರೋವರೆಗೂ ಲಾರಿ ಊರೊಳಗೆ ಬಿಡಲ್ಲ. 86 ಬಂದ ಆ ಲೋಡನ್ನ ಸೊಪ್ಪಿಗೆ ಹಾಕ್ಲಿಲ್ಲ, ಬದುವಿನ ಸಿಲ್ವರ್ ಮರಗಳಿಗೆ ಹಾಕಿದ್ವಿ. ಹೋಗೋರು ಬೆಳಗ್ಗೆನೇ ಹೋಗಿ, ಸ್ಯಾಂಪಲ್ ಹಿಂದಿನ ದಿನವೇ ನೆರಳಲ್ಲಿ ಹರಡಿ ಒಣಗಿಸ್ಕೊಂಡು ಹೋದ್ರೆ ಸಂಜೆಗೆ ರಿಪೋರ್ಟ್ ಕೊಡ್ತಾರೆ.